ಗಾಜಿನ ಕಟ್ಟೆಗೆ ಬಣ್ಣದ ಮೊದಲ ಕೋಟೇ ಮುಖ

ನಾನು ಉಡುಪಿಯಲ್ಲಿ ಗಾಜಿನ ಕೆಲಸ ಮಾಡುತ್ತೇನೆ. ಕಿಟಕಿ, ಶೋಕೇಸ್, ಬಾತ್‌ರೂಮಿನ ಬಾಗಿಲು, ಇವೇ ಜಾಸ್ತಿ. ಒಂದು ಜುಲೈಯಲ್ಲಿ ಸಂತೆಕಟ್ಟೆಯ ಒಬ್ಬರು ಅಕ್ಕ ಕೇಳಿದರು: "ಗ್ರಾನೈಟ್ ಬೇಡ ಮಾರಾಯ್ರೆ, ಅಡುಗೆಮನೆ ಕಟ್ಟೆಗೆ ಗಾಜು ಹಾಕಿ ಅದರ ಅಡಿಗೆ ಬಿಳಿ ಬಣ್ಣ ಕೊಡ್ಲಿಕ್ಕೆ ಆಗ್ತದಾ?"

ಆಗ್ತದೆ ಅಂದೆ. 12 ಮಿಲಿಮೀಟರ್ ಟಫನ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ತರಿಸಿದೆ. ಸಿಂಕಿನ, ನಲ್ಲಿಯ ತೂತುಗಳನ್ನು ಮೊದಲೇ ಕೊರೆಸಿದ್ದೆ. ಟಫನ್ ಆದ ಮೇಲೆ ಡ್ರಿಲ್ ಇಟ್ಟರೆ ಇಡೀ ಗಾಜು ಪುಡಿಪುಡಿ. ಅದು ಗೊತ್ತಿತ್ತು. ತಪ್ಪಿದ್ದು ಬಣ್ಣದಲ್ಲಿ.

ಗೋಡೆಗೆ ಬಣ್ಣದ ಕೊನೆಯ ಕೋಟು ಕಾಣುತ್ತದೆ, ಗಾಜಿಗೆ ಮೊದಲಿನದು, ಯಾಕೆಂದರೆ ಅಡಿಯ ಬಣ್ಣವನ್ನು ನೋಡುವುದು ಗಾಜಿನ ಮೂಲಕ. ಹಳೆ ಮನೆಗಳಲ್ಲಿ ಗಾಜಿನ ಹಿಂದೆ ಬರೆದ ದೇವರ ಪಟ ನೋಡಿದ್ದೀರಲ್ವಾ? ಅದರಲ್ಲಿ ಒಡವೆ, ಕಣ್ಣು ಮೊದಲು ಬರೆಯುತ್ತಾರೆ, ಹಿನ್ನೆಲೆ ಕೊನೆಗೆ. ಕಟ್ಟೆಗೂ ಅದೇ ಲೆಕ್ಕ. ಮೊದಲ ಕೋಟಿನಲ್ಲಿ ಸಿಕ್ಕಿಬಿದ್ದ ಕೂದಲು, ಧೂಳು ಆಮೇಲೆ ಎಷ್ಟು ಬಳಿದರೂ ಹೋಗುವುದಿಲ್ಲ. ಅಷ್ಟೇ ಅಲ್ಲ, ಗಾಜನ್ನು ಹಿಡಿದುಕೊಳ್ಳಬೇಕಾದದ್ದೂ ಆ ಕೋಟೇ. ಮರಕ್ಕೆ, ಗಾರೆಗೆ ಬಣ್ಣ ಒಳಗೆ ಇಳಿದು ಹಿಡಿಯುತ್ತದೆ. ಗಾಜಿನಲ್ಲಿ ಇಳಿಯಲು ಜಾಗವೇ ಇಲ್ಲ.

ನಾನು ಸುಮ್ನೆ ಥಿನ್ನರಿನಲ್ಲಿ ಒರೆಸಿ, ಬಣ್ಣ ಹಿಡಿಯಲು ಮೊದಲು ಹಚ್ಚುವ ಪ್ರೈಮರ್ ಹಚ್ಚದೆ, ಜಡಿಮಳೆಯ ಮಧ್ಯಾಹ್ನ ಸ್ಪ್ರೇ ಮಾಡಿದ್ದೆ. ನೋಡಲು ಚೆಂದ ಬಂದಿತ್ತು. ನವರಾತ್ರಿ ಹೊತ್ತಿಗೆ ಅಕ್ಕನ ಫೋನ್: "ಸಿಂಕಿನ ಹತ್ರ ಎಂತದೋ ಕಲೆ, ದಿನಾ ದೊಡ್ಡದಾಗ್ತಾ ಉಂಟು."

ಬಿಚ್ಚಿ ನೋಡಿದರೆ ಬಣ್ಣ ಉಗುರಿಗೇ ಸಿಪ್ಪೆಯ ಹಾಗೆ ಎದ್ದು ಬಂತು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಯೇ ಒದ್ದೆ. ಒಣಗಿದಂತೆ ಕಾಣುವ ಗಾಜಿನ ಮೇಲೂ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಸಿಂಕಿನ ಅಂಚಿನಿಂದ ನೀರೂ ಒಳಗೆ ಹೋಗಿತ್ತು. ಮತ್ತೊಂದು ತಪ್ಪು, ಗಾಜನ್ನು ಅಡಿಯ ಪ್ಲೈವುಡ್‌ಗೆ ಅಂಟಿಸಿದ್ದು ವಿನೆಗರ್ ವಾಸನೆಯ ಸಿಲಿಕಾನ್ ಅಂಟಿನಲ್ಲಿ. ಅದು ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ. ಸಿಲಿಕಾನ್ ಗೆರೆ ಎಳೆದ ಕಡೆಯಲ್ಲೆಲ್ಲ ಬಣ್ಣ ಹಾಳಾಗಿತ್ತು.

ಅಕ್ಕ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿಕೊಡುತ್ತೇನೆ ಅಂದೆ.

ಎರಡು ದಿನ ಬ್ಲೇಡ್ ಹಿಡಿದು ಕೆರೆದೆ. ತೊಳೆದು ನೀರು ಸುರಿದು ನೋಡಿದೆ. ನೀರು ಹಾಳೆಯಂತೆ ಹರಡಿದರೆ ಗಾಜು ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತರೆ ಎಣ್ಣೆ ಅಂಶ ಉಂಟು ಎಂದರ್ಥ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ ಒಮ್ಮೆ ತಾಗಿದರೂ ಸಾಕು. ಮೂರನೆಯ ಸಲ ನೀರು ಸರಿಯಾಗಿ ಹರಡಿತು. ಒಣಗಿಸಿ, ಕೈಗವಸು ಹಾಕಿ, ಸ್ಪಿರಿಟ್‌ನಲ್ಲಿ ಒರೆಸಿ, ಗಾಜಿನದ್ದೇ ಪಾರದರ್ಶಕ ಪ್ರೈಮರ್ ಹಚ್ಚಿದೆ. ಗಟ್ಟಿಯಾಗಲು ಹಾರ್ಡ್ನರ್ ಬೆರೆಸುವ ಬಣ್ಣವನ್ನು ತೆಳುವಾಗಿ ಕೊಟ್ಟು, ಪ್ರತಿ ಸಲ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾದರೂ ತೀರಾ ತೆಳುವಾಗಿ ಉಳಿದರೆ ಕೂರಿಸಿದ ಮೇಲೆ ಅಡಿಯ ಪ್ಲೈವುಡ್ ಕಾಣುತ್ತದೆ. ಒಂದು ವಾರ ಮುಟ್ಟಲಿಲ್ಲ. ಆಮೇಲೆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನ್‌ನಲ್ಲಿ ಕೂರಿಸಿ, ಸಿಂಕಿನ ಅಂಚು ಪೂರ್ತಿ ಮುಚ್ಚಿದೆ.

ಬಣ್ಣವೂ ಬದಲಾಯಿತು. ಸಾದಾ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬಿಳಿ ಹಸಿರು ಹೊಡೆಯುತ್ತದೆ. ಅಚ್ಚ ಬಿಳಿ ಬೇಕಾದರೆ ಆ ಅಂಶ ಕಡಿಮೆ ಇರುವ ಎಕ್ಸ್‌ಟ್ರಾ ಕ್ಲಿಯರ್ ಗಾಜು ಬೇಕು, ದುಬಾರಿ. ಇದನ್ನು ಮೊದಲೇ ಒಂದು ತುಂಡಿನಲ್ಲಿ ತೋರಿಸಬೇಕಿತ್ತು. ಅಕ್ಕ ಈ ಸಲ ಬಾಳೆಎಲೆಯ ಹಸಿರನ್ನೇ ಆರಿಸಿದರು.

ಆವತ್ತೇ ಬಣ್ಣ ಕೊಟ್ಟ ಗಾಜಿನ ತುಂಡೊಂದನ್ನು ಅಂಗಡಿಯಲ್ಲಿ ಬಕೆಟಿನ ನೀರಿಗೆ ಹಾಕಿ ಇಟ್ಟಿದ್ದೇನೆ. ಶನಿವಾರ ಶನಿವಾರ ತೆಗೆದು ಒರೆಸಿ, ಟೇಪ್ ಅಂಟಿಸಿ ಎಳೆದು ನೋಡುತ್ತೇನೆ. ಇನ್ನೂ ಎದ್ದಿಲ್ಲ.