ನಿಮ್ಮತ್ತೆ ಯಾಕೆ ಮದುವೆ ಆಗಲಿಲ್ಲ?

ಅತ್ತೆ ತೀರಿಕೊಂಡು ವರ್ಷ ಆಗುತ್ತಾ ಬಂತು. ಈಗಲೂ ಊರಲ್ಲಿ ಯಾರದಾದರೂ ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುವುದು ಇದೊಂದನ್ನೇ. "ಅಲ್ಲಪ್ಪ, ನಿಮ್ಮತ್ತೆ ಯಾಕೆ ಮದುವೆ ಆಗಲಿಲ್ಲ?" ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. "ಪಾಪ, ಹೆತ್ತ ತಾಯಿಗೋಸ್ಕರ ತ್ಯಾಗ ಮಾಡಿದಳು." ನಾನು ಹೂಂ ಅಂದುಕೊಂಡು ಪಾಯಸ ಹಾಕಿಸಿಕೊಳ್ಳುತ್ತಿದ್ದೆ. ಒಂದು ಸಲ ಸರಿಯಾಗಿ ಹೇಳಿಬಿಡೋಣ ಅನ್ನಿಸಿದೆ.

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಅಜ್ಜಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋದಾಗ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, 22 ವರ್ಷ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆದಾಗಲೂ ಅಜ್ಜಿ ಅದೇ ಮಂಚದ ಮೇಲಿದ್ದಳು. ಒಟ್ಟು 11 ವರ್ಷ.

ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಕಾಯಿಲೆ ಅಲ್ಲ, ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರವೂ ಅತ್ತೆ ಎರಡೆರಡು ಗಂಟೆಗೆ ಬಂದು ಅಜ್ಜಿಯ ಮಗ್ಗುಲು ಬದಲಿಸುತ್ತಿದ್ದಳು. ಹಗಲೂ ರಾತ್ರಿಯೂ. ಕಾಲಿನ ಕೆಳಗೆ ಹಳೇ ಸೀರೆ ಮಡಿಸಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದಳು. ರಾಗಿ ಗಂಜಿ ಕುಡಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ, ಒಂದು ಚಮಚ ಒಳಗೆ ಹೋಯಿತಾ ಅಂತ ಗಂಟಲು ನೋಡಿಯೇ ಇನ್ನೊಂದು ಚಮಚ. ಹುಳದ ಮನೆಗೆ ವಾಪಸ್ ಹೋಗುವ ಮುಂಚೆ ಬ್ಲೀಚಿಂಗ್ ನೀರಲ್ಲಿ ಕೈ ತೊಳೆಯಬೇಕು. ತೊಳೆದೂ ತೊಳೆದೂ ಅವಳ ಬೆರಳ ಸಂದಿ ಯಾವಾಗಲೂ ಬಿರುಕು ಬಿಟ್ಟಿರುತ್ತಿತ್ತು. ಹುಳದ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಹುಳದ ಮನೆಗೆ ಬರಬಾರದು ಅಂತ ತಂದ ಪರದೆಯಲ್ಲಿ ಒಂದು ತುಂಡು ಕತ್ತರಿಸಿ ಅಜ್ಜಿ ಕಿಟಕಿಗೂ ಹೊಡೆದಿದ್ದಳು. ಅಷ್ಟು ವರ್ಷದಲ್ಲಿ ಅಜ್ಜಿಯ ಬೆನ್ನಿಗೆ ಒಂದು ಹುಣ್ಣಾಗಲಿಲ್ಲ. ಇದನ್ನು ತ್ಯಾಗ ಅಂದುಬಿಟ್ಟರೆ ಅವಳಿಗೆ ಕೆಲಸ ಎಷ್ಟು ಚೆನ್ನಾಗಿ ಬರುತ್ತಿತ್ತು ಅನ್ನೋದೇ ಮರೆತುಹೋಗುತ್ತದೆ, ಅಲ್ವಾ?

ಗಂಡು ಬಂದಿರಲಿಲ್ಲವಾ? ಬಂದಿತ್ತು. ಚಿಂತಾಮಣಿ ಕಡೆಯವರು. ಅವರು ಬಂದ ದಿನವೇ ಹುಳ ಹಣ್ಣಾಗಿತ್ತು. ಮೈ ಹಳದಿ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಆಡಿಸುತ್ತಿತ್ತು. ಆಗ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡದಿದ್ದರೆ ತಿಂಗಳ ಶ್ರಮ ಹಾಳು. ಅತ್ತೆ ಹುಳ ಆರಿಸುತ್ತಿದ್ದ ಸೀರೆಯಲ್ಲೇ ಬಂದು ಕಾಫಿ ಕೊಟ್ಟು ಹೋದಳು. ಆದರೂ ಅವರು ಒಪ್ಪಿದರು. ಹುಡುಗನೂ ಪರವಾಗಿಲ್ಲ, ಅತ್ತೆಯೂ ಬೇಡ ಅನ್ನಲಿಲ್ಲ. "ಈ ಬೆಳೆ ಒಂದು ಆಗಿಹೋಗಲಿ, ಮಾತಾಡೋಣ" ಅಂದಿದ್ದು ನಮ್ಮಪ್ಪ.

ನಮ್ಮಲ್ಲಿ ವರ್ಷಕ್ಕೆ ಐದು ಬೆಳೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಚಾಕಿ, ಅಂದರೆ ಮರಿಹುಳ, ಬಂದಿರುತ್ತಿತ್ತು. ಚಿಂತಾಮಣಿಯವರು ಎರಡು ಬೆಳೆ ಕಾದರು, ಆಮೇಲೆ ಬೇರೆ ಕಡೆ ನೋಡಿಕೊಂಡರು. ಅವರದೇನೂ ತಪ್ಪಿಲ್ಲ. ಅವಳು ಹೋದರೆ ಅಜ್ಜಿಯನ್ನು ಎತ್ತುವವರು ಯಾರು ಅನ್ನೋ ಲೆಕ್ಕ ಅಪ್ಪನಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ನಾನೂ ಸಾಚಾ ಅಲ್ಲ. ರಾತ್ರಿ ಹೆದರಿಕೆ ಆದರೆ ಅತ್ತೆ ಪಕ್ಕಾನೇ ಮಲಗಬೇಕಿತ್ತು ನನಗೆ. ಅವಳು ಎಲ್ಲಿಗೂ ಹೋಗದಿರಲಿ ಅಂತ ದೇವರಿಗೆ ಕೈ ಮುಗಿದಿದ್ದೆ. ಹಾಗಾಗಿ, ಅವಳು ಮದುವೆ ಆಗಲಿಲ್ಲ ಅಂತಲ್ಲ, ನಾವು ಮಾಡಲಿಲ್ಲ.

ಕೊನೆಯ ಮೂರು ತಿಂಗಳು ಅವಳೇ ಹಾಸಿಗೆ ಹಿಡಿದಳು. ನಾನು ಬೆಂಗಳೂರಿಂದ ರಜಾ ಹಾಕಿ ಬಂದಿದ್ದೆ. ಮಗ್ಗುಲು ಬದಲಿಸೋಣ ಅಂತ ಭುಜ ಹಿಡಿದು ಎಳೆದೆ. "ಎಳೀಬೇಡ್ವೋ, ಮಂಡಿ ಮಡಿಸು ಮೊದ್ಲು. ಸೊಂಟದ ಹತ್ರ ಕೈ ಹಾಕಿ ನಿನ್ನ ಕಡೆಗೆ ಹೊರಳಿಸು" ಅಂದಳು. ಹೊರಳಿಸಿದೆ. ಅವಳ ಮುಖ ಗೋಡೆ ಕಡೆ ಇರಲಿಲ್ಲ, ನನ್ನ ಎದುರಿಗೇ ಇತ್ತು. ಅದೇ ಧೈರ್ಯಕ್ಕೆ ಕೇಳಿಬಿಟ್ಟೆ. "ಅತ್ತೆ, ಆ ಚಿಂತಾಮಣಿಯವರನ್ನ ಮದುವೆ ಆಗಬೇಕು ಅಂತ ಇತ್ತಾ ನಿಂಗೆ?"

"ಈಗ ಕೇಳ್ತಿದ್ದೀಯಾ?" ಅಂದಳು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಮಂಡಿ ಮಧ್ಯೆ ದಿಂಬು ಇಟ್ಟಿಲ್ಲ ನೋಡು" ಅಂದಳು.