ಉಗುರಿನ ಮೇಲೆ ಕಸೂತಿ: ಇಲ್ಲೀವರ್ಗೂ ಎಷ್ಟಾಯ್ತು ಅಂತ

ನಮ್ಮ ಅತ್ತಿಗೆ ಧಾರವಾಡದ ಕಡೆಯವ್ರು, ಅವರ ಕಪ್ಪು ಇಳಕಲ್ ಸೀರೆ, ಮೈ ತುಂಬಾ ಕೈ ಕಸೂತಿ ಇರೋದು, ಚಿಂತಾಮಣೀಲಿ ಆಗೋ ಕಸಿನ್ ರಿಸೆಪ್ಶನ್‌ಗೆ ನಂಗೆ ಉಡೋಕೆ ಸಿಕ್ಕಿದೆ. ಅಜ್ಜಿ "ಶುಭ ಕಾರ್ಯಕ್ಕೆ ಕಪ್ಪು ಉಟ್ಕೊಂಡು ಹೋಗ್ತಾರೇನೇ" ಅಂದ್ರು, ಅತ್ತಿಗೆ "ನಮ್ ಕಡೆ ಚಂದ್ರಕಾಳಿ ಅಂದ್ರ ಶುಭಾನ ರೀ ಅಜ್ಜಿ" ಅಂದ್ಬಿಟ್ರು, ಅಲ್ಲಿಗೆ ಮುಗೀತು. ಆಕ್ಸಿಡೈಸ್ಡ್ ಜುಮ್ಕಿ ಇದೆ, ಬ್ಲೌಸ್ ಟೈಲರ್ ಹತ್ರ ಇದೆ, ಉಳಿದಿದ್ದು ಉಗುರು. ಕೋಲಾರದಲ್ಲಿ ಪಾರ್ಲರ್ ಇಲ್ಲ ಅಂತಲ್ಲ, ಆದ್ರೆ ಬ್ರೈಡಲ್ ನೇಲ್ಸ್ ಅಂದ್ರೆ ಗ್ಲಿಟರ್ರು, ಕಲ್ಲು, ಅಷ್ಟೇ ಕಾಣೋದು, ಈ ಸೀರೆ ಪಕ್ಕ ಅದು ಚೂರೂ ಹೊಂದಲ್ಲ. ಅದಕ್ಕೆ ಮನೇಲೇ ಶುರು ಹಚ್ಕೊಂಡೆ.

ಮೊದ್ಲು ಸೀರೇನ ಮಂಚದ ಮೇಲೆ ಹರಡಿ ಸುಮ್ನೆ ನೋಡಿದ್ದೇ ಜಾಸ್ತಿ. ಕಸೂತೀಲಿ ನಾಲ್ಕು ಥರ ಹೊಲಿಗೆ ಇರುತ್ತೆ, ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿ ಅಂದ್ರೆ ಸೂಜಿ ಒಂದು ಬಿಟ್ಟು ಒಂದು ಹಾಕ್ಕೊಂಡು ಹೋಗಿ ವಾಪಸ್ ಬರ್ತಾ ಆ ಗ್ಯಾಪ್‌ಗಳನ್ನ ತುಂಬೋದು, ಅದಕ್ಕೇ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತೆ, ಗಂಟೂ ಇರಲ್ಲ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ನೇಗಿ ನೇಯ್ದ ಹಾಗೇ ಕಾಣುತ್ತೆ, ಮೆಂತೆ ಕ್ರಾಸ್ ಸ್ಟಿಚ್. ಎಲ್ಲಾನೂ ಎಳೆ ಎಣಿಸಿ ಹಾಕೋದು, ಬಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಬರ್ಕೊಳ್ಳಲ್ಲ. ಉಗುರಿಗೆ ನೇಗಿ, ಮೆಂತೆ ಬೇಡ ಅಂತ ಬಿಟ್ಟೆ, ಅಷ್ಟು ಸಣ್ಣ ಜಾಗದಲ್ಲಿ ಎರಡೂ ಬರೀ ಬಣ್ಣದ ಕಲೆ ಥರ ಆಗುತ್ತೆ. ಗವಂತಿ, ಮುರ್ಗಿ ಸಾಕು.

ಎಣಿಸೋದು ಹೇಗೆ ಅನ್ನೋದೇ ದೊಡ್ಡ ತಲೆನೋವಾಗಿತ್ತು, ಉಗುರು ಬಾಗಿರುತ್ತೆ, ಬಟ್ಟೇಲಿ ಇರೋ ಹಾಗೆ ಎಳೆ ಇರಲ್ಲ. ಆಗ ಹೊಳೀತು, ತಮ್ಮನ ಗ್ರಾಫ್ ಶೀಟ್! ಅದರ ಮೇಲೆ ಜಿಪ್ ಲಾಕ್ ಕವರ್ ಇಟ್ಟು ಟೇಪ್ ಹಾಕಿ, ಕವರ್ ಮೇಲೆ ಟಾಪ್ ಕೋಟ್ (ಕೊನೇಲಿ ಹಚ್ಚೋ ಬಣ್ಣ ಇಲ್ದಿರೋ ಪಾಲಿಶ್) ಒಂದು ಪದರ ಬಳಿದು ಒಣಗಿಸಿ, ಕೆಳಗೆ ಕಾಣೋ 1 ಮಿ.ಮೀ. ಚೌಕ ಎಣಿಸ್ಕೊಂಡು ಬಣ್ಣದಲ್ಲಿ ಬರೆದು, ಮೇಲೆ ಇನ್ನೊಂದು ಪದರ ಟಾಪ್ ಕೋಟ್ ಹಾಕಿ ಪೂರ್ತಿ ಒಣಗಲು ಬಿಟ್ರೆ ಸ್ಟಿಕ್ಕರ್ ಥರ ಎದ್ದು ಬರುತ್ತೆ. ನನ್ನ ಹೆಬ್ಬೆಟ್ಟಿನ ಉಗುರು ಹೆಚ್ಚೂ ಕಮ್ಮಿ 11 ಚೌಕ ಅಗಲ ಇದೆ, ಸೀರೇಲಿರೋ ಗೋಪುರದ ಡಿಸೈನ್‌ಗೆ 9 ತಗೊಂಡೆ, ಬೆಸ ಸಂಖ್ಯೆ ಇದ್ರೇನೇ ತುದಿ ನಡುಮಧ್ಯಕ್ಕೆ ಬರೋದು. ನಮ್ಮೂರ ಸೋಮೇಶ್ವರ ಗುಡಿ ರಾಜಗೋಪುರದ ಹಾಗೆ ತಲೆ ಅಗಲ ಬಿಡೋದಾ ಇಲ್ಲಾ ಸೀರೇಲಿರೋ ಹಾಗೆ ಚೂಪು ಮಾಡೋದಾ ಅಂತ ಸುಮಾರು ಹೊತ್ತು ತಲೆ ಕೆಡಿಸ್ಕೊಂಡೆ, ಚೂಪೇ ಗೆದ್ದಿತು, ಚೌಕದ ಲೆಕ್ಕಕ್ಕೆ ಅದೇ ಸಲೀಸು. ಇನ್ನೊಂದು ಲಾಭ, ಎಡಗೈಯಲ್ಲಿ ಬ್ರಶ್ ಹಿಡ್ಕೊಂಡು ಬಲಗೈ ಉಗುರಿಗೆ ಬರೆಯೋ ಕಷ್ಟ ತಪ್ಪಿತು, ಎರಡು ಕೈದೂ ಬಲಗೈಯಲ್ಲೇ ಬರೆದು ಅಂಟಿಸಿದ್ರಾಯ್ತು.

ಬಣ್ಣಕ್ಕೆ ನೇಲ್ ಪಾಲಿಶ್ ಅಲ್ಲ, ಅಕ್ರಿಲಿಕ್ ಪೇಂಟ್. ಸ್ಟೇಷನರಿ ಅಂಗಡೀಲಿ ಸಿಗೋ ಚಿಕ್ಕ ಡಬ್ಬಿ, ಜೊತೆಗೆ 000 ನಂಬರ್ ಬ್ರಶ್, ತುಂಬಾ ಸಣ್ಣ ತುದಿದು. ಅದು ನೀರಿನ ಬಣ್ಣ ಆಗಿರೋದ್ರಿಂದ ಗೆರೆ ಸೊಟ್ಟಗೆ ಹೋದ್ರೆ ಹಸಿ ಇರುವಾಗ್ಲೇ ಒದ್ದೆ ಇಯರ್ ಬಡ್ ತಗೊಂಡು ಒರೆಸ್ಬೋದು, ಕೆಳಗಿರೋ ಒಣಗಿದ ಪಾಲಿಶ್‌ಗೆ ಏನೂ ಆಗಲ್ಲ, ಅದೇ ರಿಮೂವರ್ ಆಗಿದ್ರೆ ಎಲ್ಲಾನೂ ಎತ್ಕೊಂಡು ಹೋಗ್ತಿತ್ತು. ಕಪ್ಪಿನ ಮೇಲೆ ಕೆಂಪು ಸೀದಾ ಹಾಕಿದ್ರೆ ಮಂಕಾಗುತ್ತೆ, ಅದಕ್ಕೆ ಮೊದ್ಲು ಬಿಳಿ ಗೆರೆ, ಅದರ ಮೇಲೆ ಕೆಂಪು, ಕಿತ್ತಳೆ, ಹಸಿರು. ಹಾಂ, ಗವಂತಿ ರೂಲ್‌ನೇ ಬ್ರಶ್‌ಗೂ ಹಾಕಿ ನೋಡಿದೆ, ಮೊದಲು ಒಂದು ಬಿಟ್ಟು ಒಂದು ಸಣ್ಣ ಗೆರೆ, ಒಣಗಿದ್ಮೇಲೆ ಮಧ್ಯದ್ದು ತುಂಬೋದು. ಒಂದೇ ಸಲಕ್ಕೆ ಉದ್ದ ಎಳೆಯೋದಕ್ಕಿಂತ ಇದು ಎಷ್ಟೋ ನೇರ ಬರುತ್ತೆ, ಟ್ರೈ ಮಾಡಿ.

ಕೈ ರೆಡಿ ಮಾಡಿದ್ದು ಬೇಗ ಹೇಳ್ಬಿಡ್ತೀನಿ. ಬಿಸಿ ನೀರಲ್ಲಿ ಕೈ ನೆನೆಸ್ಲಿಲ್ಲ, ಉಗುರು ನೀರು ಕುಡಿದು ಸ್ವಲ್ಪ ಉಬ್ಬುತ್ತೆ, ಆಮೇಲೆ ಒಣಗಿ ಮೊದಲಿನ ಥರ ಆದಾಗ ಪಾಲಿಶ್ ಬೇಗ ಸಿಪ್ಪೆ ಏಳುತ್ತೆ. ಫೈಲರ್ ಒಂದೇ ದಿಕ್ಕಿಗೆ. ಮೆಹಂದಿ ಮೊದಲೇ ಹಾಕ್ಸಿದ್ದಾಗಿತ್ತು, ಕೊಬ್ಬರಿ ಎಣ್ಣೆ ಜಿಡ್ಡು ಉಗುರಿನ ಮೇಲೆ ಉಳ್ದಿರುತ್ತಲ್ಲ, ಅದನ್ನ ರಿಮೂವರ್‌ನಲ್ಲಿ ಒರೆಸಿ ಬೇಸ್ ಕೋಟ್. ಮೆಹಂದಿ ಬಣ್ಣ ಉಗುರಿಗೆ ಹತ್ತಿದ್ರೆ ಬೆಳೆದು ಕತ್ತರಿಸೋವರ್ಗೂ ಹೋಗಲ್ಲ, ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯೋದು, ತಿಳಿ ಬಣ್ಣ ಹಚ್ಚೋರಿಗೆ ಇದು ಕಾಟ, ನಂದು ಕಪ್ಪು ಆಗಿದ್ದಕ್ಕೆ ಬಚಾವ್. ಕಪ್ಪು ಎರಡು ತೆಳು ಕೋಟ್. ಬಾಟಲ್ ಕುಲುಕಬೇಡಿ, ಅಂಗೈಗಳ ಮಧ್ಯೆ ಉರುಳಿಸಿ, ಕುಲುಕಿದ್ರೆ ಗುಳ್ಳೆ ಬರುತ್ತೆ. ಫ್ಯಾನ್ ಕೆಳಗೂ ಕೂರಬೇಡಿ, ಮೇಲ್ಗಡೆ ಮಾತ್ರ ಒಣಗಿ ಒಳಗೆ ಹಸಿ ಉಳಿಯುತ್ತೆ.

ಆವತ್ತು ರಾತ್ರಿ ಅಮ್ಮ "ಈಗ ಮುದ್ದೆ ಯಾರೇ ತೊಳೆಸೋದು" ಅಂತ ಕೇಳಿದ್ರು, ತಮ್ಮ ತೊಳೆಸ್ದ, ಗಂಟು ಗಂಟಾಗಿತ್ತು, ಯಾರೂ ಮಾತಾಡ್ಲಿಲ್ಲ.

ಎಡಗೈ ಈಗ ಹೀಗಿದೆ: ಹೆಬ್ಬೆಟ್ಟಿಗೆ ಗೋಪುರ, ತೋರುಬೆರಳಿಗೆ ಮುರ್ಗಿ ಮೆಟ್ಟಿಲು, ಉಂಗುರದ ಬೆರಳಿಗೆ ಸೆರಗಿನ ತೋಪ್ ತೆನಿ. ಇದು ನಂಗೆ ತುಂಬಾ ಇಷ್ಟ ಆಗಿದ್ದು. ಫ್ರೆಂಚ್ ಮ್ಯಾನಿಕ್ಯೂರ್‌ನಲ್ಲಿ ತುದಿಗೆ ಬಿಳಿ ಬರುತ್ತಲ್ಲ ಆ ಜಾಗಕ್ಕೆ ಕೆಂಪು ಹಾಕಿ, ಅದರೊಳಗೆ ಬಿಳಿ ಹಲ್ಲು ಹಲ್ಲು, ಸೆರಗು ಉಗುರಿಗೆ ಇಳಿದು ಬಂದ ಹಾಗೇ ಇದೆ. ನಡುಬೆರಳಿಗೂ ತುಳಸಿಕಟ್ಟೆ, ಕಿರುಬೆರಳಿಗೆ ನವಿಲು ಅಂತ ಸ್ಟಿಕ್ಕರ್ ರೆಡಿ ಮಾಡಿದ್ದೆ, ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರೆ ಅತ್ತಿಗೆ "ಎಷ್ಟ್ ತುಂಬತೀಯವಾ, ಕರೀದೂ ಒಂಚೂರು ಕಾಣ್ಲಿ" ಅಂದ್ರು. ಸೀರೆ ಮತ್ತೆ ತೆಗೆದು ನೋಡಿದೆ, ಹೌದು, ಒಡಲಲ್ಲಿ ದಾರಕ್ಕಿಂತ ಖಾಲಿ ಕಪ್ಪೇ ಜಾಸ್ತಿ, ಆ ಕಪ್ಪು ಇರೋದಕ್ಕೇ ಗೋಪುರ ಎದ್ದು ಕಾಣ್ತಿರೋದು. ನೇಲ್ ಆರ್ಟ್ ವಿಡಿಯೋಗಳು ನಮ್ಗೆ ಹತ್ತು ಬೆರಳಿಗೂ ಏನಾದ್ರೂ ಅಂಟಿಸಲೇಬೇಕು ಅನ್ನೋ ಚಟ ಹಿಡಿಸಿವೆ ಅನ್ಸುತ್ತೆ. ನಡುಬೆರಳು ಬರೀ ಕಪ್ಪು ಬಿಟ್ಟೆ, ಕಿರುಬೆರಳಿಗೆ ಅಡ್ಡ ಒಂದೇ ಒಂದು ಗವಂತಿ ಗೆರೆ. ನವಿಲು ಸ್ಟಿಕ್ಕರ್ ತಮ್ಮನ ಫೋನ್ ಕವರ್ ಮೇಲೆ ಹೋಯ್ತು.

ಬಲಗೈಗೆ ಗೋಪುರ, ಮುರ್ಗಿ ಕವರ್ ಮೇಲೆ ಒಣಗ್ತಿವೆ, ತೋಪ್ ತೆನಿ ಇನ್ನೂ ಬರೀಬೇಕು. ಅಂಟಿಸಿದ್ಮೇಲೆ ಕೊನೇ ಟಾಪ್ ಕೋಟ್, ಬ್ರಶ್‌ನಲ್ಲಿ ದಪ್ಪ ಹನಿ ತಗೊಂಡು ಬ್ರಶ್ ಕೂದಲು ಉಗುರಿಗೆ ತಾಗದ ಹಾಗೆ ತೇಲಿಸ್ಕೊಂಡು, ತುದಿ ಅಂಚಿಗೂ ಸೇರ್ಸಿ. ಕಾಲಿಗೆ ಡಿಸೈನ್ ಗಿಸೈನ್ ಏನಿಲ್ಲ, ಬಾರ್ಡರ್ ಕೆಂಪು ಅಷ್ಟೇ, ಅದೂ ಸೀರೆ ಕೆಳಗೆ ಯಾರಿಗ್ ಕಾಣುತ್ತೆ.