ಆಕಾಶ ಛಾಯಾಗ್ರಹಣಕ್ಕೆ ದೂರದರ್ಶಕ: ವ್ಯಾಸದ ಮೋಹವನ್ನು ಬದಿಗಿಟ್ಟರೆ

ಆಕಾಶದ ಚಿತ್ರ ತೆಗೆಯಲು ಯಾವ ದೂರದರ್ಶಕ ಕೊಳ್ಳಬೇಕೆಂದು ಕೇಳುವವರು ಸಾಮಾನ್ಯವಾಗಿ ಎಷ್ಟು ಇಂಚಿನದು ಎಂಬುದರಿಂದಲೇ ಮಾತು ಆರಂಭಿಸುತ್ತಾರೆ. ಕಣ್ಣಿಟ್ಟು ನೋಡುವವರಿಗೆ ಇದು ಸರಿಯಾದ ಪ್ರಶ್ನೆಯೇ. ನಮ್ಮ ಕಣ್ಣು ಬಂದ ಬೆಳಕನ್ನು ನಿಮಿಷಗಟ್ಟಲೆ ಕೂಡಿಸಿಟ್ಟುಕೊಳ್ಳಲಾರದು. ಆದ್ದರಿಂದ ಮಂದವಾದ ಗೆಲಾಕ್ಸಿಯೊಂದು ಕಾಣಬೇಕಾದರೆ ಆಯಾ ಕ್ಷಣದಲ್ಲಿಯೇ ಹೆಚ್ಚು ಬೆಳಕು ಒಳಬರಬೇಕು, ಅದಕ್ಕೆ ದೊಡ್ಡ ಕನ್ನಡಿಯೋ ದೊಡ್ಡ ಮಸೂರವೋ ಬೇಕು. ಕ್ಯಾಮೆರಾದ ಸೆನ್ಸರ್‌ಗೆ ಈ ಕಟ್ಟುಪಾಡಿಲ್ಲ. ಐದು ನಿಮಿಷ ತೆರೆದಿಟ್ಟರೆ ಅದು ಐದು ನಿಮಿಷದ ಬೆಳಕನ್ನೂ ಸೇರಿಸಿಡುತ್ತದೆ. ಅಂಥ ನೂರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಎಂಟು ಗಂಟೆಗೂ ಮೀರಿದ ಬೆಳಕು ಒಂದೇ ಚಿತ್ರದಲ್ಲಿ ಸೇರುತ್ತದೆ. ಹೀಗಾಗಿ ನೀಹಾರಿಕೆ, ಗೆಲಾಕ್ಸಿಗಳ ಛಾಯಾಗ್ರಹಣದ ಮಟ್ಟಿಗೆ ನಾನು ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ಗೆ ಮೊದಲ ಸ್ಥಾನವನ್ನೂ, ಮಸೂರ ಅಥವಾ ಕನ್ನಡಿಯಿಂದ ಬಿಂಬ ಮೂಡುವ ಬಿಂದುವಿನವರೆಗಿನ ಸಂಗಮದೂರಕ್ಕೆ (ಫೋಕಲ್ ಲೆಂಗ್ತ್) ಎರಡನೆಯದನ್ನೂ ಕೊಟ್ಟು, ವ್ಯಾಸವನ್ನು ಮೂರನೆಯದಾಗಿ ಎಣಿಸುತ್ತೇನೆ.

ಇದು ದೊಡ್ಡದು ಕೈಗೆಟುಕದವರ ಸಮಾಧಾನದ ಮಾತಲ್ಲ. ದೇವಯಾನಿ ಗೆಲಾಕ್ಸಿಯಷ್ಟು ಬಾರಿ ಚಿತ್ರಿತವಾದ ಆಕಾಶಕಾಯಗಳು ಕಡಿಮೆ. ಆದರೂ ಅದರ ಪಕ್ಕದಲ್ಲೇ ಅಯಾನೀಕೃತ ಆಮ್ಲಜನಕದ ಬೆಳಕಿನಲ್ಲಿ ಹೊಳೆಯುವ ದೊಡ್ಡದೊಂದು ಕಮಾನು ಇದೆಯೆಂಬುದು 2022ರವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ಪತ್ತೆಹಚ್ಚಿದವರು ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಮತ್ತು ಯಾನ್ ಸೆಂಟಿ ಎಂಬ ಹವ್ಯಾಸಿಗಳು; ಸೆಂಟಿ ಬಳಸಿದ್ದು 106 ಮಿಲಿಮೀಟರ್ ವ್ಯಾಸದ, ಅಂದರೆ ನಾಲ್ಕು ಇಂಚಿಗಿಂತ ತುಸುವೇ ಹೆಚ್ಚಿನ ತಕಹಾಶಿ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ). ವೃತ್ತಿಪರರಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಪೀಟರ್ ವ್ಯಾನ್ ಡೊಕಮ್ ಮತ್ತು ರಾಬರ್ಟೊ ಅಬ್ರಹಾಂ ಕಟ್ಟಿದ ಡ್ರಾಗನ್‌ಫ್ಲೈ ಎಂಬುದು ಕ್ಯಾನನ್‌ನ 400 ಮಿಲಿಮೀಟರ್ ಟೆಲಿಫೋಟೊ ಲೆನ್ಸ್‌ಗಳನ್ನು ಒಟ್ಟಿಗೆ ಜೋಡಿಸಿದ ವ್ಯವಸ್ಥೆ. ಕೋಮಾ ಗೆಲಾಕ್ಸಿ ಗುಚ್ಛದಲ್ಲಿ ಅತಿ ಮಂದವಾದ, ಹರಡಿಕೊಂಡ 47 ಗೆಲಾಕ್ಸಿಗಳನ್ನು 2015ರಲ್ಲಿ ಬೆಳಕಿಗೆ ತಂದದ್ದು ಇದೇ.

ಮೌಂಟ್‌ಗೆ ಮೊದಲ ಸ್ಥಾನ ಏಕೆಂಬುದು ಸಣ್ಣ ಲೆಕ್ಕವೊಂದರಿಂದ ಸ್ಪಷ್ಟವಾಗುತ್ತದೆ. ಭೂಮಿಯ ತಿರುಗುವಿಕೆಯಿಂದ ಖಗೋಳ ಸಮಭಾಜಕದ ಬಳಿಯ ನಕ್ಷತ್ರ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಸರಿಯುತ್ತದೆ. ಈಗಿನ ಅನೇಕ ಖಗೋಳ ಕ್ಯಾಮೆರಾಗಳಲ್ಲಿರುವ 3.76 ಮೈಕ್ರಾನ್ ಪಿಕ್ಸೆಲ್‌ಗಳನ್ನು 400 ಮಿಲಿಮೀಟರ್ ಸಂಗಮದೂರದ ದೂರದರ್ಶಕಕ್ಕೆ ಹಚ್ಚಿದರೆ ಒಂದು ಪಿಕ್ಸೆಲ್ ಆಕಾಶದಲ್ಲಿ 1.94 ಆರ್ಕ್‌ಸೆಕೆಂಡ್‌ನಷ್ಟು ಜಾಗವನ್ನು ಆವರಿಸುತ್ತದೆ. ಅಂದರೆ ಬೆನ್ನುಹತ್ತುವ ಮೋಟಾರ್ ಇಲ್ಲದಿದ್ದರೆ ನಕ್ಷತ್ರ ಪ್ರತಿ ಸೆಕೆಂಡಿಗೂ ಸುಮಾರು ಎಂಟು ಪಿಕ್ಸೆಲ್ ದಾಟಿಹೋಗುತ್ತದೆ. ಅದೇ ಕ್ಯಾಮೆರಾವನ್ನು 2000 ಮಿಲಿಮೀಟರ್ ದೂರದರ್ಶಕಕ್ಕೆ ಹಚ್ಚಿದರೆ ಸುಮಾರು 39 ಪಿಕ್ಸೆಲ್. ಐದು ನಿಮಿಷಗಳ ಕಾಲ ಈ ಚಲನೆಯನ್ನು ಒಂದೆರಡು ಪಿಕ್ಸೆಲ್‌ಗಳೊಳಗೆ ಹಿಡಿದಿಡುವ ಕೆಲಸ ಮೌಂಟ್‌ನದು, ಆ ಕೆಲಸದಲ್ಲಿ ಅದು ಸೋತರೆ ಮೇಲೆ ಕೂತ ಗಾಜು ಎಷ್ಟೇ ಉತ್ತಮವಾಗಿದ್ದರೂ ನಕ್ಷತ್ರಗಳು ಗೆರೆಗಳಾಗುತ್ತವೆ.

ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಆಲ್ಟ್-ಅಜಿಮತ್ ಮೌಂಟ್ ನಕ್ಷತ್ರವನ್ನು ಹಿಂಬಾಲಿಸಬಲ್ಲದಾದರೂ ಅದರಲ್ಲಿ ದೃಶ್ಯಕ್ಷೇತ್ರವೇ ನಿಧಾನವಾಗಿ ತಿರುಗುವುದರಿಂದ ಎಕ್ಸ್‌ಪೋಷರ್‌ಗಳನ್ನು ಕೆಲವೇ ಸೆಕೆಂಡುಗಳಿಗೆ ಮಿತಗೊಳಿಸಬೇಕಾಗುತ್ತದೆ. ಸೀಸ್ಟಾರ್ ಎಸ್50ಯಂಥ 50 ಮಿಲಿಮೀಟರ್ ವ್ಯಾಸದ ಸ್ಮಾರ್ಟ್ ದೂರದರ್ಶಕಗಳು ಈ ಮಿತಿಯೊಳಗೇ ಸಣ್ಣ ಎಕ್ಸ್‌ಪೋಷರ್‌ಗಳನ್ನು ರಾಶಿ ಹಾಕಿ ಒಳ್ಳೆಯ ಫಲ ಕೊಡುತ್ತಿರುವುದೂ ನಿಜ. ದೀರ್ಘ ಎಕ್ಸ್‌ಪೋಷರ್ ಬೇಕೆಂದರೆ ಮಾತ್ರ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವ ಈಕ್ವಟೋರಿಯಲ್ ಮೌಂಟೇ ಆಗಬೇಕು. ಅದನ್ನು ಧ್ರುವ ನಕ್ಷತ್ರದತ್ತ ತಿರುಗಿಸಿಟ್ಟರೆ ಸಾಕೆಂದುಕೊಳ್ಳುವುದು ಸರಿಯಲ್ಲ, ಏಕೆಂದರೆ ಧ್ರುವ ನಕ್ಷತ್ರವು ನಿಜವಾದ ಖಗೋಳ ಧ್ರುವದಿಂದ ಡಿಗ್ರಿಯ ಮೂರನೇ ಎರಡರಷ್ಟು ದೂರದಲ್ಲಿದೆ, ಅಂದರೆ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತಲೂ ಹೆಚ್ಚು. ತಯಾರಕರು ನಮೂದಿಸುವ ಭಾರದ ಮಿತಿಯನ್ನೂ ಅಕ್ಷರಶಃ ನಂಬಬಾರದು. ಸಾಂಪ್ರದಾಯಿಕ ವರ್ಮ್ ಗೇರ್ ಮೌಂಟ್‌ಗಳಲ್ಲಿ ಛಾಯಾಗ್ರಹಣಕ್ಕೆ ಆ ಮಿತಿಯ ಅರ್ಧದಷ್ಟನ್ನೇ ಹೇರುವುದು ಅನುಭವಿಗಳ ರೂಢಿ. ಈಚೆಗೆ ಜನಪ್ರಿಯವಾಗಿರುವ ಹಾರ್ಮೋನಿಕ್ ಡ್ರೈವ್ ಮೌಂಟ್‌ಗಳಿಗೆ ಪ್ರತಿಭಾರವೇ ಬೇಕಿಲ್ಲ, ಹೊತ್ತೊಯ್ಯಲು ಹಗುರ. ಆದರೆ ಅವುಗಳ ಆವರ್ತಕ ದೋಷ, ಅಂದರೆ ಗೇರು ಸುತ್ತಿದಂತೆ ಮತ್ತೆ ಮತ್ತೆ ಬರುವ ವೇಗದ ಏರುಪೇರು, ಹೆಚ್ಚಾಗಿರುವುದರಿಂದ ಇನ್ನೊಂದು ಪುಟ್ಟ ಕ್ಯಾಮೆರಾ ನಕ್ಷತ್ರವೊಂದನ್ನು ಗಮನಿಸುತ್ತ ಕ್ಷಣಕ್ಷಣಕ್ಕೂ ತಿದ್ದುಪಡಿ ಕಳಿಸುವ ಆಟೋಗೈಡಿಂಗ್ ಇಲ್ಲದೆ ಅವು ಬಹುಮಟ್ಟಿಗೆ ನಿರುಪಯೋಗಿ.

ಇನ್ನು ಸಂಗಮದೂರ. ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರ್‌ಗಳಲ್ಲಿರುವ ಸಂಗಮದೂರದಿಂದ ಭಾಗಿಸಿದರೆ ಪ್ರತಿ ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಎಂಬುದು ಸಿಗುತ್ತದೆ. ದೂರದರ್ಶಕ ಕೊಳ್ಳುವ ಮುನ್ನ ಒಂದೇ ಒಂದು ಲೆಕ್ಕ ಮಾಡುವುದಾದರೆ ಇದನ್ನೇ ಮಾಡಬೇಕು. ವಾತಾವರಣದ ಕಂಪನದಿಂದಾಗಿ ಸಾಮಾನ್ಯ ಸ್ಥಳಗಳಲ್ಲಿ ನಕ್ಷತ್ರದ ಬಿಂಬ ಎರಡರಿಂದ ನಾಲ್ಕು ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಕೊಳ್ಳುತ್ತದೆ, ದೀರ್ಘ ಎಕ್ಸ್‌ಪೋಷರ್‌ನಲ್ಲಿ ಇದನ್ನು ತಪ್ಪಿಸಲು ಹವ್ಯಾಸಿಗಳಿಗೆ ಸಾಧ್ಯವಿಲ್ಲ. ಹೀಗಿರುವಾಗ ಪಿಕ್ಸೆಲ್‌ಗೆ ಒಂದರಿಂದ ಎರಡು ಆರ್ಕ್‌ಸೆಕೆಂಡ್ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ, 0.4ಕ್ಕೆ ಇಳಿಸಿದರೆ ಮಸುಕನ್ನೇ ಇನ್ನಷ್ಟು ದೊಡ್ಡದಾಗಿ ಚಿತ್ರಿಸಿದಂತಾಗುತ್ತದೆ.

ಜೊತೆಗೆ ನೋಡಬೇಕಾದದ್ದು ಚೌಕಟ್ಟಿನೊಳಗೆ ಏನು ಹಿಡಿಸುತ್ತದೆಂಬುದು. 23.5 ಮಿಲಿಮೀಟರ್ ಅಗಲದ ಎಪಿಎಸ್-ಸಿ ಸೆನ್ಸರ್ 400 ಮಿಲಿಮೀಟರ್ ಸಂಗಮದೂರದಲ್ಲಿ ಸುಮಾರು 3.4 ಡಿಗ್ರಿ ಅಗಲದ ಆಕಾಶವನ್ನು ಹಿಡಿಯುತ್ತದೆ. ಮೂರು ಡಿಗ್ರಿಯಷ್ಟು ಉದ್ದದ ದೇವಯಾನಿ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ. ಮಹಾವ್ಯಾಧ ನೀಹಾರಿಕೆ, ಕೃತ್ತಿಕಾ ಗುಚ್ಛಗಳಿಗೆ ಸುತ್ತಲೂ ಬೇಕಾದಷ್ಟು ಜಾಗ ಉಳಿಯುತ್ತದೆ. ಆದರೆ ವೀಣಾ ನಕ್ಷತ್ರಪುಂಜದ ಉಂಗುರ ನೀಹಾರಿಕೆ ಒಂದೂವರೆ ಆರ್ಕ್‌ಮಿನಿಟಿಗಿಂತ ಕಡಿಮೆ ಅಗಲದ್ದು. ಇದೇ ಜೋಡಣೆಯಲ್ಲಿ ಅದು ಅಡ್ಡಲಾಗಿ ಸುಮಾರು 43 ಪಿಕ್ಸೆಲ್‌ಗಳ ಚುಕ್ಕೆ ಮಾತ್ರ. ಅದರ ಒಳಗಿನ ವಿವರ ಬೇಕೆನ್ನುವವರಿಗೆ 1500 ಮಿಲಿಮೀಟರ್ ಬೇಕು, ಆ ಸಂಗಮದೂರಕ್ಕೆ ತಕ್ಕ ಮೌಂಟೂ ಬೇಕು. ನಾನು ಕೇಳಿದವರಿಗೆಲ್ಲ ಮೊದಲಿಗೆ 350ರಿಂದ 500 ಮಿಲಿಮೀಟರ್ ಒಳಗೇ ಇರಿ ಎನ್ನುತ್ತೇನೆ, ಏಕೆಂದರೆ ಅಲ್ಲಿ ಚಿತ್ರಿಸಲು ವಸ್ತುಗಳಿಗೆ ಬರವಿಲ್ಲ ಮತ್ತು ಮೌಂಟ್‌ನ ಸಣ್ಣಪುಟ್ಟ ದೋಷಗಳು ಪಿಕ್ಸೆಲ್‌ನೊಳಗೇ ಅಡಗಿಹೋಗುತ್ತವೆ.

ಎಫ್ ಸಂಖ್ಯೆಯ (ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ) ಬಗ್ಗೆ ನಡೆಯುವ ವಾಗ್ವಾದಗಳಿಗೆ ಕೊನೆಯಿಲ್ಲ. ನನ್ನ ತಿಳಿವಳಿಕೆಯಲ್ಲಿ ವಿಷಯ ಇಷ್ಟೇ: 80 ಮಿಲಿಮೀಟರ್ ವ್ಯಾಸ, 400 ಮಿಲಿಮೀಟರ್ ಸಂಗಮದೂರದ ದೂರದರ್ಶಕ ಎಫ್/5, 200 ಮಿಲಿಮೀಟರ್ ವ್ಯಾಸ, 2000 ಮಿಲಿಮೀಟರ್ ಸಂಗಮದೂರದ್ದು ಎಫ್/10. ಎರಡನೆಯದು ಒಂದೇ ವಸ್ತುವಿನಿಂದ ಆರೂಕಾಲು ಪಟ್ಟು ಹೆಚ್ಚು ಬೆಳಕು ಸಂಗ್ರಹಿಸುತ್ತದೆ, ಆದರೆ ಅದನ್ನು 25 ಪಟ್ಟು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಹಾಗಾಗಿ ಪ್ರತಿ ಪಿಕ್ಸೆಲ್‌ಗೆ ಸಿಗುವುದು ನಾಲ್ಕನೇ ಒಂದು ಪಾಲು. ಪಿಕ್ಸೆಲ್‌ಗಳನ್ನು ಆಮೇಲೆ ಒಟ್ಟುಗೂಡಿಸಿದರೆ ದೊಡ್ಡ ವ್ಯಾಸದ ಲಾಭ ಮರಳಿ ಬರುತ್ತದೆ, ಆದ್ದರಿಂದ ಎಫ್ ಸಂಖ್ಯೆಯೇ ಸರ್ವಸ್ವವೆನ್ನುವವರ ಮಾತೂ ಪೂರ್ತಿ ಸತ್ಯವಲ್ಲ. ಆದರೆ ಆ ಲಾಭ ಪಡೆಯಲು 2000 ಮಿಲಿಮೀಟರ್‌ನ ತಾಪತ್ರಯಗಳನ್ನೆಲ್ಲ ಹೊರಬೇಕಾಗುತ್ತದೆ.

ದೂರದರ್ಶಕದ ಬಗೆಗಳಲ್ಲಿ ನನ್ನ ಒಲವು ಆರಂಭಕ್ಕೆ ಸಣ್ಣ ರಿಫ್ರ್ಯಾಕ್ಟರ್‌ನ ಕಡೆಗೆ. ಅದರ ಮಸೂರಗಳನ್ನು ರಾತ್ರಿರಾತ್ರಿ ಸರಿಹೊಂದಿಸುವ ಕೆಲಸವಿಲ್ಲ, ಮಧ್ಯದಲ್ಲಿ ಬೆಳಕಿಗೆ ಅಡ್ಡ ಬರುವ ಕನ್ನಡಿಯಿಲ್ಲ. ಆದರೆ ಯಾವುದೋ ಒಂದು ರಿಫ್ರ್ಯಾಕ್ಟರ್ ಸಾಲದು. ಎರಡು ಸಾಧಾರಣ ಗಾಜುಗಳ ಆಕ್ರೋಮ್ಯಾಟ್ ಎಲ್ಲ ಬಣ್ಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ಅಭಿಜಿತ್‌ನಂಥ ಪ್ರಖರ ನಕ್ಷತ್ರವನ್ನು ಅದರಲ್ಲಿ ಚಿತ್ರಿಸಿದರೆ ಸುತ್ತಲೂ ನೇರಳೆ ಬಣ್ಣದ ದಪ್ಪ ಪ್ರಭಾವಲಯ ಮೂಡುತ್ತದೆ, ಕಣ್ಣಿಗೆ ಅಷ್ಟಾಗಿ ತಾಕದ ಆ ನೇರಳೆಯನ್ನು ಸೆನ್ಸರ್ ಚಾಚೂ ತಪ್ಪದೆ ದಾಖಲಿಸುತ್ತದೆ. ಎಫ್‌ಪಿಎಲ್-53ರಂಥ ಕಡಿಮೆ ವರ್ಣವಿಭಜನೆಯ ಗಾಜು ಬಳಸಿದ ಎರಡು ಮಸೂರಗಳ ಇಡಿ ಡಬ್ಲೆಟ್ ಅಥವಾ ಮೂರು ಮಸೂರಗಳ ಅಪೋಕ್ರೋಮ್ಯಾಟ್ ಇದನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

ಉಳಿಯುವುದು ಅಂಚಿನ ಸಮಸ್ಯೆ, ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಸೂರ ಮೂಡಿಸುವ ಬಿಂಬದ ಮೇಲ್ಮೈ ಬಾಗಿರುತ್ತದೆ, ಸೆನ್ಸರ್ ಸಮತಟ್ಟಾಗಿರುತ್ತದೆ. ಎರಡನ್ನೂ ಹೊಂದಿಸಲು ಫ್ಲ್ಯಾಟ್‌ನರ್ ಎಂಬ ಇನ್ನೊಂದು ಮಸೂರದ ಗುಂಪು ಬೇಕು, ಮತ್ತು ಅದರಿಂದ ಸೆನ್ಸರ್‌ವರೆಗಿನ ಅಂತರ ತಯಾರಕರು ಹೇಳಿದಷ್ಟೇ, ಸಾಮಾನ್ಯವಾಗಿ 55 ಮಿಲಿಮೀಟರ್, ಇರಬೇಕು. ನಡುವೆ ಎರಡು ಮಿಲಿಮೀಟರ್ ದಪ್ಪದ ಫಿಲ್ಟರ್ ಇಟ್ಟರೆ ಗಾಜು ಬೆಳಕಿನ ದಾರಿಯನ್ನು ದಪ್ಪದ ಮೂರನೇ ಒಂದರಷ್ಟು ಹಿಂದಕ್ಕೆ ತಳ್ಳುವುದರಿಂದ ಅದಕ್ಕೂ 0.7 ಮಿಲಿಮೀಟರ್ ಸೇರಿಸಬೇಕು. ಅಂತರ ಸರಿಯಿದೆಯೇ ಎಂದು ತಿಳಿಯಲು ಚಿತ್ರದ ನಾಲ್ಕು ಮೂಲೆಗಳನ್ನೂ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನಕ್ಷತ್ರಗಳ ಆಕಾರವನ್ನು ನೋಡುತ್ತೇನೆ. ಅವು ಚಿತ್ರದ ಮಧ್ಯದ ಕಡೆಗೆ ಬೆರಳು ಮಾಡಿದಂತೆ ಉದ್ದವಾಗಿದ್ದರೆ ಸಾಮಾನ್ಯವಾಗಿ ಸೆನ್ಸರ್ ತೀರ ಹತ್ತಿರವಿದೆಯೆಂದೂ, ಮಧ್ಯಬಿಂದುವಿನ ಸುತ್ತ ಪ್ರದಕ್ಷಿಣೆ ಹಾಕುವಂತೆ ಬಾಗಿದ್ದರೆ ತೀರ ದೂರವಿದೆಯೆಂದೂ ಅರ್ಥ. ಮೂರು ಮೂಲೆ ಚೆನ್ನಾಗಿದ್ದು ಒಂದೇ ಕೆಟ್ಟಿದ್ದರೆ ಅಂತರದ್ದಲ್ಲ, ಎಲ್ಲೋ ಒಂದು ಅಡಾಪ್ಟರ್ ಓರೆಯಾಗಿದೆ. ಎಲ್ಲ ನಕ್ಷತ್ರಗಳೂ, ಮಧ್ಯದವೂ ಸೇರಿ, ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ದೂರದರ್ಶಕ ನಿರಪರಾಧಿ; ತಪ್ಪು ಹೆಚ್ಚಾಗಿ ಮೌಂಟ್‌ನದು.

ನ್ಯೂಟೋನಿಯನ್ ದೂರದರ್ಶಕ ಅದೇ ವೆಚ್ಚಕ್ಕೆ ಹೆಚ್ಚು ವ್ಯಾಸ ಕೊಡುತ್ತದೆ, ಕನ್ನಡಿಯಾದ್ದರಿಂದ ವರ್ಣದೋಷದ ಚಿಂತೆಯಿಲ್ಲ. ಆದರೆ ಎಫ್/4, ಎಫ್/5ರಲ್ಲಿ ಅಂಚಿನ ನಕ್ಷತ್ರಗಳಿಗೆ ಕೋಮಾ ಎಂಬ ದೋಷದಿಂದ ಬಾಲ ಬರುತ್ತದೆ, ಅದಕ್ಕೆ ಕೋಮಾ ಕರೆಕ್ಟರ್ ಬೇಕು. ಕನ್ನಡಿಗಳನ್ನು ಮತ್ತೆ ಮತ್ತೆ ಸಾಲುಗೂಡಿಸಬೇಕು. ಉದ್ದನೆಯ ಕೊಳವೆ ಗಾಳಿಗೆ ಅಲುಗಾಡುತ್ತದೆ. ಕಣ್ಣಿಟ್ಟು ನೋಡಲೆಂದೇ ಮಾಡಿದ ಅನೇಕ ನ್ಯೂಟೋನಿಯನ್‌ಗಳಲ್ಲಿ ಕ್ಯಾಮೆರಾ ಫೋಕಸ್‌ಗೇ ಬರುವುದಿಲ್ಲವೆಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಬಲ್ ದೂರದರ್ಶಕದ ವಿನ್ಯಾಸವೂ ಆಗಿರುವ ರಿಚಿ-ಕ್ರೆಟಿಯನ್‌ನಲ್ಲಿ ಕೋಮಾ ಇಲ್ಲ, ಆದರೆ ಅದರ ಎರಡು ಬಾಗಿದ ಕನ್ನಡಿಗಳ ಹೊಂದಾಣಿಕೆ ಹೊಸಬರ ತಾಳ್ಮೆಗೆ ಮೀರಿದ್ದು.

ಯಾವ ದೂರದರ್ಶಕವಾದರೂ ಅದನ್ನು ಬಳಸುವಾಗ ಚಿತ್ರವನ್ನು ಉಳಿಸುವುದೂ ಕೆಡಿಸುವುದೂ ಫೋಕಸ್. ಎಫ್/5ರಲ್ಲಿ ಫೋಕಸ್ ಸರಿಯೆನಿಸುವ ವಲಯದ ಆಳ ಸುಮಾರು 60 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ದೂರದರ್ಶಕದ ಬಾಯಿಗೆ ಬಹ್ತಿನೊವ್ ಮಾಸ್ಕ್ ಎಂಬ ಸೀಳುಗಳುಳ್ಳ ಮುಚ್ಚಳ ಹಾಕಿ ಪ್ರಖರ ನಕ್ಷತ್ರವೊಂದನ್ನು ನೋಡಿದರೆ ಅದರಿಂದ ಮೂರು ಗೆರೆಗಳು ಹೊರಡುತ್ತವೆ. ಎರಡು ಗೆರೆಗಳು ರಚಿಸುವ ಗುಣಾಕಾರ ಚಿಹ್ನೆಯ ನಟ್ಟನಡುವೆ ಮೂರನೆಯದು ಹಾದುಹೋದಾಗ ಫೋಕಸ್ ಕೂಡಿಬಂದಂತೆ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುತ್ತದೆ, ಸಂಜೆ ಕೂಡಿಬಂದದ್ದು ನಡುರಾತ್ರಿಗೆ ಜಾರಿರುತ್ತದೆ. ಆದ್ದರಿಂದ ಮೋಟಾರ್ ಇರುವ ಫೋಕಸರ್ ಆಡಂಬರವಲ್ಲ.

ಒಟ್ಟು ಎಕ್ಸ್‌ಪೋಷರ್ ಸಮಯ ನಾಲ್ಕು ಪಟ್ಟಾದರೆ ಸಂಕೇತ ಮತ್ತು ಗದ್ದಲದ ಅನುಪಾತ (ವಸ್ತುವಿನ ಬೆಳಕಿಗೂ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಏರುಪೇರಿಗೂ ಇರುವ ಅನುಪಾತ) ಎರಡು ಪಟ್ಟು ಸುಧಾರಿಸುತ್ತದೆ. ಬೀದಿದೀಪಗಳ ಬೆಳಕಿನಲ್ಲಿ ಮುಳುಗಿದ ಆಕಾಶದಡಿಯೂ ಹೈಡ್ರೋಜನ್‌ನ 656.3 ನ್ಯಾನೋಮೀಟರ್, ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಫಿಲ್ಟರ್‌ಗಳಿಂದ ನೀಹಾರಿಕೆಗಳನ್ನು ಚಿತ್ರಿಸಬಹುದು. ಗೆಲಾಕ್ಸಿಗಳು ಎಲ್ಲ ಬಣ್ಣಗಳಲ್ಲೂ ಬೆಳಗುವುದರಿಂದ ಅವಕ್ಕೆ ಈ ಉಪಾಯ ಅಷ್ಟಾಗಿ ಒದಗುವುದಿಲ್ಲ, ಕತ್ತಲಿರುವ ಕಡೆಗೇ ಹೋಗಬೇಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಗ್ರಹಗಳ ವಿಷಯಕ್ಕೆ ಬಂದಾಗ ತಲೆಕೆಳಗಾಗುತ್ತದೆ. ಗುರು ಭೂಮಿಗೆ ಹತ್ತಿರವಿದ್ದಾಗಲೂ ಅದರ ಬಿಂಬ 50 ಆರ್ಕ್‌ಸೆಕೆಂಡ್ ಆಸುಪಾಸಿನದು, ಆದರೆ ಅದು ಪ್ರಖರ; ಸೆಕೆಂಡಿಗೆ ನೂರಾರು ಫ್ರೇಮ್‌ಗಳ ವಿಡಿಯೊ ತೆಗೆದು, ಗಾಳಿ ಕ್ಷಣಕಾಲ ತಿಳಿಯಾದಾಗ ಸಿಕ್ಕ ಚೂಪಾದ ಫ್ರೇಮ್‌ಗಳನ್ನಷ್ಟೇ ಆರಿಸಿ ಪೇರಿಸುವುದರಿಂದ ವಾತಾವರಣದ ಮಸುಕನ್ನು ಬಹಳಷ್ಟು ದಾಟಬಹುದು. ಹಾಗೆ ದಾಟಿದ ಮೇಲೆ ಎದುರಾಗುವ ಮಿತಿ ವ್ಯಾಸದ್ದೇ: 100 ಮಿಲಿಮೀಟರ್ ದೂರದರ್ಶಕ ಬೇರ್ಪಡಿಸಬಲ್ಲದ್ದು 1.16 ಆರ್ಕ್‌ಸೆಕೆಂಡ್, 250 ಮಿಲಿಮೀಟರ್‌ನದು 0.46. ಇಲ್ಲಿ ಎಂಟು ಇಂಚಿನ, ಎಫ್/10ರ ಷ್ಮಿಟ್-ಕ್ಯಾಸೆಗ್ರೇನ್ (ಕನ್ನಡಿಗಳ ಮುಂದೆ ತೆಳು ಗಾಜಿನ ಫಲಕವಿರುವ ದೂರದರ್ಶಕ) ನಿಜವಾಗಿ ಬೆಲೆಬಾಳುತ್ತದೆ, ಸಾಧಾರಣ ಮೌಂಟ್ ಕೂಡ ಸಾಕಾಗುತ್ತದೆ. ಪಿಕ್ಸೆಲ್‌ನ ಮೈಕ್ರಾನ್ ಅಳತೆಯ ಐದು ಪಟ್ಟಿನ ಸುಮಾರಿಗೆ ಎಫ್ ಸಂಖ್ಯೆ ಇರಲಿ ಎಂಬುದು ಗ್ರಹಗಳನ್ನು ಚಿತ್ರಿಸುವವರ ಲೆಕ್ಕ, 2.9 ಮೈಕ್ರಾನ್ ಕ್ಯಾಮೆರಾಕ್ಕೆ ಅದು ಎಫ್/14.5 ಆಗುವುದರಿಂದ ಸಂಗಮದೂರವನ್ನು ಹಿಗ್ಗಿಸುವ ಒಂದೂವರೆ ಪಟ್ಟಿನ ಬಾರ್ಲೊ ಮಸೂರ ಸೇರಿಸಿದರೆ ಆಯಿತು.

ಅದೇ ಷ್ಮಿಟ್-ಕ್ಯಾಸೆಗ್ರೇನ್‌ನಿಂದ ಸಣ್ಣ ಗೆಲಾಕ್ಸಿಗಳನ್ನೂ ಹಿಡಿಯಬೇಕೆನ್ನುವವರು ಎಫ್/6.3 ರೆಡ್ಯೂಸರ್ ಹಾಕಿ ಸಂಗಮದೂರವನ್ನು 1280 ಮಿಲಿಮೀಟರ್ ಆಸುಪಾಸಿಗೆ ಇಳಿಸಿಕೊಳ್ಳಬಹುದು. ಆದರೆ ಅದರ ಮುಖ್ಯ ಕನ್ನಡಿ ದೂರದರ್ಶಕದ ಓಲುವಿಕೆಗೆ ತಕ್ಕಂತೆ ತುಸು ಸರಿಯುವುದರಿಂದ, ಪಕ್ಕಕ್ಕೆ ಕಟ್ಟಿದ ಗೈಡ್ ದೂರದರ್ಶಕಕ್ಕೆ ಆ ಸರಿಯುವಿಕೆ ಕಾಣುವುದೇ ಇಲ್ಲ. ಅಲ್ಲಿ ಮುಖ್ಯ ದೂರದರ್ಶಕದೊಳಗಿನ ಬೆಳಕನ್ನೇ ಸಣ್ಣ ಪ್ರಿಸಂನಿಂದ ಕದ್ದು ಗೈಡ್ ಕ್ಯಾಮೆರಾಕ್ಕೆ ಕೊಡುವ ಆಫ್-ಆ್ಯಕ್ಸಿಸ್ ಗೈಡರನ್ನು ಬಳಸಬೇಕು, ಮುಂಭಾಗದ ಗಾಜಿಗೆ ಇಬ್ಬನಿ ಕೂರದಂತೆ ಬಿಸಿಪಟ್ಟಿಯನ್ನೂ ಸುತ್ತಬೇಕು.